ಒಲೆ ಲುಟ್‌ಗಾರ್ಡ್ ಮತ್ತು ಯಾರಿಗೂ ಗೊತ್ತಿಲ್ಲದ ಹೊಂಡ

ಲುಟ್‌ಗಾರ್ಡ್ ಜೊತೆ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಅಷ್ಟೂ ವರ್ಷ ಹೊಲದಲ್ಲಿ ಅವಳಿಗೂ ನನಗೂ ನಡುವೆ ಆರು ಮೀಟರ್ ಅಂತರ. ಒಂದು ಹೆಜ್ಜೆ ಹತ್ತಿರ ಹೋದರೂ ಸಾಕು, "ಫಿರ್ಮಿನ್, ಹಿಂದೆ!" ಅಂತ ಕಿರುಚುತ್ತಿದ್ದಳು. ಜಗಳವೇನಿಲ್ಲ ನಮ್ಮಿಬ್ಬರಿಗೆ. ನನ್ನ ಬಲ ಸೊಂಟದಲ್ಲಿ ಡಾಕ್ಟರು ಕೂರಿಸಿದ ಲೋಹದ ಕೀಲು ಇದೆ. ಅವಳು ಎಳೆಯುವ ಯಂತ್ರದ ಕಣ್ಣಿಗೆ ಅದು ಬಿದ್ದುಬಿಡುತ್ತದೆ. ಹಾಗಾಗಿ ನಮ್ಮ ಸ್ನೇಹವೆಲ್ಲ ಕೂಗಾಟದಲ್ಲೇ ನಡೆಯಿತು. ದಾರಿಯಲ್ಲಿ ಹೋಗುವವರು ಗಂಡ ಹೆಂಡತಿ ಕಿತ್ತಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಅವಳ ನಿಜವಾದ ಗಂಡ ನೊಯೆಲ್ ಆ ಹೊತ್ತಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾ ಹಾಯಾಗಿರುತ್ತಿದ್ದ.

ನಾನು ಗೂಟದವನು. ಹೊಲದ ಎರಡೂ ಬದಿಗೆ ಮರದ ಗೂಟ ಹೊಡೆದು, ಮೀಟರಿಗೊಂದರಂತೆ ಹಗ್ಗ ಕಟ್ಟುವುದು ನನ್ನ ಕೆಲಸ. ಆ ಹಗ್ಗದ ಗುಂಟ ಅವಳು ಜಾರುಬಂಡಿ ಎಳೆಯುತ್ತಾ ನಡೆಯುತ್ತಾಳೆ. ಹೆಸರಿಗೆ ಜಾರುಬಂಡಿ. ಅದರ ಮೇಲೆ ಆಳುದ್ದದ ಒಂದು ಬಿಳಿ ಹಲಗೆ, ಒಂದು ತುದಿಯಲ್ಲಿ ನೆಲದೊಳಕ್ಕೆ ಅಲೆ ಕಳಿಸುವ ಸುರುಳಿ, ಇನ್ನೊಂದು ತುದಿಯಲ್ಲಿ ಉತ್ತರ ಕೇಳಿಸಿಕೊಳ್ಳುವ ಸುರುಳಿ. ಒಂದೇ ಥರದ ಅಲೆಯಲ್ಲ, ಐದು ಆವರ್ತನದ ಅಲೆ, ಒಟ್ಟೊಟ್ಟಿಗೆ.

"ಐದು ಯಾಕೆ ಬೇಕು? ಒಂದು ಸಾಲದಾ?" ಅಂತ ನಾನು ಮೊದಲ ವರ್ಷವೇ ಒಮ್ಮೆ ಕೂಗಿ ಕೇಳಿದ್ದೆ.

"ನಿನ್ ಹೆಂಡ್ತಿ ನಿನ್ನ ಎಲ್ಲಿಗೆ ಹೋಗಿದ್ದೆ ಅಂತ ಒಂದೇ ಸಲ ಕೇಳ್ತಾಳಾ?"

"ಐದು ಥರ ಕೇಳ್ತಾಳೆ."

"ಇದೂ ಅಷ್ಟೇ ಕಣೋ. ಒಂದೇ ಸಲ ಕೇಳಿದ್ರೆ ತಂತೀನೂ ನಾನು ಕಬ್ಬಿಣ ಅನ್ನುತ್ತೆ, ಫಿರಂಗಿ ಗುಂಡೂ ನಾನು ಕಬ್ಬಿಣ ಅನ್ನುತ್ತೆ. ಐದು ಥರ ಕೇಳಿದ್ರೆ ತೆಳ್ಳಗಿರೋದು ಮೇಲಿನ ಆವರ್ತನಕ್ಕೆ ಮಾತ್ರ ಬಾಯಿ ಬಿಡುತ್ತೆ, ದಪ್ಪಗಿರೋದು ತೀರಾ ಕೆಳಗಿನದಕ್ಕೂ ಉತ್ತರ ಕೊಡುತ್ತೆ. ಒದ್ದೆ ಜೇಡಿಮಣ್ಣು ಒಂದು ಥರ ಮಾತಾಡುತ್ತೆ, ಮರಳು ಇನ್ನೊಂದು ಥರ. ಈಗ ಹಿಂದೆ ಹೋಗು, ನಿನ್ ಸೊಂಟ ಮಾತಾಡ್ತಾ ಇದೆ."

ನಮ್ಮೂರು ಹಾಝೆಬೇಕೆಯಲ್ಲಿ ನೆಲ ಅಗೆಯುವ ಮೊದಲು ನೆಲವನ್ನು ಕೇಳಲೇಬೇಕು. ನೂರು ವರ್ಷದ ಹಿಂದೆ ನಾಲ್ಕು ವರ್ಷ ನಮ್ಮ ಹೊಲಗಳಲ್ಲಿ ಯುದ್ಧ ನಡೆಯಿತು. ಸಿಡಿಯದೆ ಉಳಿದ ಫಿರಂಗಿ ಗುಂಡುಗಳು ಇವತ್ತಿಗೂ ಆಲೂಗಡ್ಡೆಯ ಜೊತೆಗೇ ಮೇಲೆ ಬರುತ್ತವೆ. ಬಂದರೆ ಯಾರೂ ಗಾಬರಿಯಾಗುವುದಿಲ್ಲ. ರೈತ ಅದನ್ನು ಎತ್ತಿ ಗೇಟಿನ ಹತ್ತಿರದ ವಿದ್ಯುತ್ ಕಂಬದ ಬುಡದಲ್ಲಿಟ್ಟು, ಪೊಲೀಸರಿಗೆ ಫೋನ್ ಮಾಡಿ, ಕಾಫಿ ಕುಡಿಯಲು ಹೋಗುತ್ತಾನೆ. ಸೈನ್ಯದ ಲಾರಿ ಬಂದು ಒಯ್ಯುತ್ತದೆ. ಎತ್ತಬೇಡಿ ಅಂತ ಸೈನ್ಯದವರು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಲೇ ಇದ್ದಾರೆ, ನಮ್ಮವರು ಎತ್ತುತ್ತಲೇ ಇದ್ದಾರೆ. ಮಾರ್ಚಿನಲ್ಲಿ ಉಳುಮೆ ಶುರುವಾದರೆ ಪ್ರತಿ ಕಂಬದ ಬುಡದಲ್ಲೂ ಮೂರೋ ನಾಲ್ಕೋ ತುಕ್ಕು ಹಿಡಿದ ಗುಂಡುಗಳು ಸಾಲಾಗಿ ಕೂತಿರುತ್ತವೆ.

ಲುಟ್‌ಗಾರ್ಡ್ ಓದಿದವಳಲ್ಲ. ಹೂಕೋಸಿನ ಸಸಿ ನೆಡುವ ಕೂಲಿ ಹೆಂಗಸಾಗಿದ್ದಳು. ಗೆಂಟ್ ನಗರದಿಂದ ಅಳತೆಯವರು ಮೊದಲ ಸಲ ಬಂದಾಗ ಅವರ ಗಾಡಿ ನಮ್ಮ ಜೇಡಿಮಣ್ಣಿನಲ್ಲಿ ಅಚ್ಚಿನ ತನಕ ಹೂತುಹೋಯಿತು. ಕೈಯಲ್ಲಿ ಎಳೆಯೋಣ ಅಂತ ಹೊರಟರು, ಓದಿದ ಹುಡುಗರು ಕುಡಿದವರ ಹಾಗೆ ಓಲಾಡಿದರು. ಪಕ್ಕದ ಸಾಲಿನಲ್ಲಿ ಸಸಿ ನೆಡುತ್ತಿದ್ದ ಇವಳು ಬೆನ್ನು ನೆಟ್ಟಗೆ ಮಾಡಿ, "ಕೊಡಿ ಇಲ್ಲಿ, ನಿಮ್ಮ ಕೈಲಾಗಲ್ಲ," ಅಂದಳಂತೆ. ಇಪ್ಪತ್ತು ವರ್ಷ ಸಾಲಿನಲ್ಲಿ ನಡೆದ ಕಾಲು ಅದು. ಹೆಜ್ಜೆ ಒಂದು ಚೂರು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾರನೆಯ ವಾರದಿಂದ ಅವಳಿಗೆ ಅದೇ ಕೆಲಸ. ಎಳೆಯುವುದಷ್ಟೇ ಅಲ್ಲ, ಪರದೆಯ ಮೇಲೆ ಬರುವ ಅಂಕಿಗಳ ಮೇಲೂ ಕಣ್ಣಿಟ್ಟಳು. ಆ ಹುಡುಗರ ಬೆನ್ನುಬಿದ್ದು ಕೇಳಿದಳು, ಅವರ ಪುಸ್ತಕ ಮನೆಗೆ ತಂದು ಓದಿದಳು. ಹನ್ನೊಂದು ವರ್ಷ ಕಳೆದ ಮೇಲೆ, ಹೊಲ ಸುರಕ್ಷಿತ ಅಂತ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಕೊಟ್ಟರು. ನಮ್ಮ ಕಡೆ ಕೂಲಿಯಿಂದ ಬಂದು ಆ ಸಹಿ ಹಾಕುವವರು ಬೇರೆ ಯಾರೂ ಇಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಯಾರಿಗಾದರೂ ಅನುಮಾನ ಇದ್ದರೆ ಬಂದು ನನ್ನ ಹತ್ತಿರ ಮಾತಾಡಲಿ.

ಅವಳ ವೇಷ ನೋಡಿ ನಗದವರಿಲ್ಲ. ಮೈಮೇಲೆ ಲೋಹ ಇರಬಾರದು ನೋಡಿ. ಬೆಲ್ಟ್ ಇಲ್ಲ, ಪ್ಯಾಂಟಿಗೆ ಸೆಣಬಿನ ಹುರಿ. ಜಿಪ್ ಇಲ್ಲ, ಮರದ ಗುಂಡಿ. ಕಾಲಿಗೆ ಅಜ್ಜಿಯ ಕಾಲದ ಮರದ ಜೋಡು. ಬೆಳಿಗ್ಗೆ ಹೊರಡುವಾಗ ಮದುವೆ ಉಂಗುರವನ್ನೂ ತೆಗೆದು ಒಲೆ ಪಕ್ಕದ ಮೊಳೆಗೆ ಸಿಕ್ಕಿಸುತ್ತಾಳೆ. "ನನ್ ಹೆಂಡ್ತಿಗೆ ಸಾಯಂಕಾಲ ಐದರ ಮೇಲೆ ಮಾತ್ರ ಮದುವೆ ಆಗಿರುತ್ತೆ," ಅಂತ ನೊಯೆಲ್ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಒಲೆ ಅಂದೆನಲ್ಲ, ಆ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂಬತ್ತು ವರ್ಷದ ಹಿಂದೆ ಊರಿನ ಆಟದ ಮೈದಾನ ಅಗೆಯುವ ಮುಂಚೆ ಅವಳು ಅಳೆದು ಬರೆದಳು: ದಪ್ಪ ಕಬ್ಬಿಣ, ಹಂದಿಮರಿಯಷ್ಟು ದೊಡ್ಡದು, ಎಂಬತ್ತು ಸೆಂಟಿಮೀಟರ್ ಆಳ. ಕೈಯಲ್ಲಿ ಮಣ್ಣು ಸರಿಸಿದಾಗ ಕಪ್ಪಗೆ, ಉಬ್ಬಿದ ಕಬ್ಬಿಣ ಕಂಡಿತು. ಕೆಲಸ ನಿಂತಿತು. ಸೈನ್ಯ ಬಂತು. ಮೂರು ದಿನ ಸುತ್ತಲಿನ ಮನೆಗಳನ್ನೆಲ್ಲ ಖಾಲಿ ಮಾಡಿಸಿದರು. ಕೊನೆಗೆ ಹೊರಬಂದದ್ದು ಒಂದು ಹಳೆಯ ಅಡುಗೆ ಒಲೆ! ಮೇಲೆ ಕೆಟಲ್ ಬೇರೆ ಹಾಗೇ ಕೂತಿತ್ತು. ಸೈನ್ಯದವನೊಬ್ಬ "ಕಾಫಿ ರೆಡಿ ಇದೆಯೇನಮ್ಮ?" ಅಂದ. ಊರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿತು. ಗುತ್ತಿಗೆದಾರ ಡೆಪೂತರ್ ಮಾತ್ರ ನಗಲಿಲ್ಲ, ಅವನಿಗೆ ಮೂರು ದಿನದ ಕೆಲಸ ಹೋಗಿತ್ತು. ಅವತ್ತಿನಿಂದ ಅವಳು ಒಲೆ ಲುಟ್‌ಗಾರ್ಡ್. ಅವಳ ಮಗ ವಾನ್ನೆಸ್ ಒಲೆ ಮರಿ.

ಅಲ್ಲ ಸ್ವಾಮಿ, ಅವಳು ಬರೆದದ್ದರಲ್ಲಿ ತಪ್ಪು ಯಾವುದು? ದಪ್ಪ ಕಬ್ಬಿಣ ಅಂದಳು, ದಪ್ಪ ಕಬ್ಬಿಣವೇ ಬಂತು. ಹಂದಿಮರಿಯಷ್ಟು ಅಂದಳು, ಅಷ್ಟೇ ಇತ್ತು. ಆಳ ಎಂಬತ್ತೊಂದು. ಗುಂಡು ಅನ್ನುವ ಮಾತನ್ನೇ ಅವಳು ಬರೆದಿರಲಿಲ್ಲ. ಇದನ್ನು ನಾನು ಕಾಫಿ ಅಂಗಡಿಯಲ್ಲಿ ಮೇಜು ಗುದ್ದಿ ಹೇಳಿದ್ದಕ್ಕೆ ನನ್ನನ್ನೂ ಒಲೆಯ ಕೊಳವೆ ಅಂದರು. ಅವಳು ಮಾತ್ರ ಆ ಒಲೆಯನ್ನು ಕೈಗಾಡಿಯಲ್ಲಿ ಮನೆಗೆ ತಂದು, ತುಕ್ಕು ಉಜ್ಜಿ, ಅಡುಗೆಮನೆಯಲ್ಲಿ ಕೂರಿಸಿದಳು. ಇವತ್ತಿಗೂ ಅದರ ಮೇಲೇ ಅವಳ ಮಜ್ಜಿಗೆ ಗಂಜಿ ಬೇಯುತ್ತದೆ.

ಹೋದ ಮಾರ್ಚಿನಲ್ಲಿ ಗೆಂಟಿಲ್ ವರ್ಫಾಯ್‌ಗೆ ನೀರಿನ ತೊಟ್ಟಿ ತೋಡಿಸುವ ಆಸೆ ಹುಟ್ಟಿತು. ಎರಡು ಬೇಸಿಗೆ ಹೂಕೋಸು ಒಣಗಿತ್ತಲ್ಲ, ಮಳೆನೀರು ಹಿಡಿದಿಡಬೇಕು ಅಂತ. ಕೊಟ್ಟಿಗೆಯ ಹಿಂದೆ ಮೂರು ಮೀಟರ್ ಆಳ ತೋಡುವುದು ಅಂತ ಆಯಿತು. ಗೆಂಟಿಲ್ ನಮ್ಮೂರಲ್ಲಿ ಒಂದು ವಿಷಯಕ್ಕೆ ಹೆಸರಾದವನು. ಅವನ ಹೊಲದಲ್ಲಿ ಮೂರು ತಲೆಮಾರಿನಿಂದ ಒಂದೇ ಒಂದು ಗುಂಡು ಬಂದಿಲ್ಲ. ಎಲ್ಲರ ಕಂಬದ ಬುಡದಲ್ಲಿ ಗುಂಡು ಕೂತಿದ್ದರೆ ಇವನ ಕಂಬದ ಬುಡದಲ್ಲಿ ಕೆಂಪು ಜೆರೇನಿಯಂ ಹೂವು. "ನಮ್ಮಜ್ಜ ಅಲೋಯ್ಸ್ ಯುದ್ಧ ಮುಗಿದ ವರ್ಷ ಬರಿಗೈಲಿ ಇಡೀ ಹೊಲ ಶುದ್ಧ ಮಾಡಿದ," ಅಂತ ಪ್ರತಿ ವಸಂತಕ್ಕೂ ಹೇಳಿದ್ದನ್ನೇ ಹೇಳುತ್ತಿದ್ದ. ನಾವೂ ಒಪ್ಪಿ ತಲೆಯಾಡಿಸುತ್ತಿದ್ದೆವು. ಶುದ್ಧ ಮಾಡಿದ ಗುಂಡುಗಳನ್ನು ಎಲ್ಲಿಟ್ಟ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೆಲಸ ಡೆಪೂತರ್‌ನದು. ಅಗೆಯುವ ಯಂತ್ರ ಓಡಿಸುವವನು ವಾನ್ನೆಸ್, ಲುಟ್‌ಗಾರ್ಡಳ ಒಬ್ಬನೇ ಮಗ, ಇಪ್ಪತ್ತೊಂಬತ್ತರ ಗಂಡಸು. ಅಮ್ಮನ ಹುರಿ ಕಟ್ಟಿದ ಪ್ಯಾಂಟು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವನು. ಡೆಪೂತರ್ ಮೊದಲೇ ಬೇರೆಯವರಿಂದ ಅಯಸ್ಕಾಂತದ ಸಾಧನದಲ್ಲಿ ಅಳತೆ ಮಾಡಿಸಿದ್ದ. ಕೊಟ್ಟಿಗೆಯ ತಗಡು, ಕಾಂಕ್ರೀಟ್ ಅಂಗಳದ ಕಬ್ಬಿಣದ ಜಾಲರಿ, ಎಲ್ಲ ಸೇರಿ ಆ ನಕ್ಷೆಯಲ್ಲಿ ಆ ಜಾಗವೆಲ್ಲ ಒಂದೇ ಕಪ್ಪು ಮಸಿ. "ಜಾಲರಿಯ ಗದ್ದಲ" ಅಂತ ಬರೆದು ಅವರು ಕೈತೊಳೆದುಕೊಂಡಿದ್ದರು. ವಿಮೆಯವರು ಇನ್ನೊಂದು ಸಹಿ ಕೇಳಿದ್ದಕ್ಕೆ, ಗುರುವಾರ ಲುಟ್‌ಗಾರ್ಡಳನ್ನು ಕರೆಸಿದರು.

ಅವತ್ತು ಅವಳು ಎರಡು ಸಲ ಅಳೆದಳು. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಆಮೇಲೆ ಜಾರುಬಂಡಿಯ ಹಗ್ಗ ಕೆಳಗೆ ಹಾಕಿ ಪರದೆಯನ್ನು ಮತ್ತೊಂದು ಸಲ ನೋಡಿದಳು.

"ಏನೇ ಅದು?" ಅಂತ ಕೂಗಿದೆ.

ಅವಳು ತಾನೇ ನಡೆದು ನನ್ನ ಹತ್ತಿರ ಬಂದಳು. ಹತ್ತೊಂಬತ್ತು ವರ್ಷದಲ್ಲಿ ಹೊಲದ ನಡುವೆ ಹಾಗೆ ಬಂದದ್ದು ಅದೇ ಮೊದಲು.

"ಜಾಲರಿ ಅಂಗಳದ ಅಂಚಿಗೇ ಮುಗಿಯುತ್ತೆ ಫಿರ್ಮಿನ್. ಮೇಲಿನ ಆವರ್ತನದಲ್ಲಿ ನೆಟ್ಟಗೆ ಗೆರೆ ಎಳೆದ ಹಾಗೆ ಕಾಣುತ್ತೆ. ಅದರಾಚೆ ದುಂಡಗೆ ಒಂದು ಜಾಗ ಇದೆ, ಹದಿಮೂರು ಹೆಜ್ಜೆ ಅಗಲ. ಮಣ್ಣೇ ಬೇರೆ, ಒದ್ದೆ. ಅದು ಮುಚ್ಚಿದ ಹೊಂಡ. ನಡುವೆ, ಒಂದೂಮುಕ್ಕಾಲು ಮೀಟರ್ ಕೆಳಗೆ, ದಪ್ಪ ಕಬ್ಬಿಣ ಇದೆ. ಒಂದಲ್ಲ, ರಾಶಿ."

"ಅಲೋಯ್ಸ್ ಅಜ್ಜ..." ಅಂದೆ.

"ಸೋಮವಾರ ಬೆಳಿಗ್ಗೆ ಏಳಕ್ಕೆ ವಾನ್ನೆಸ್ ಅಲ್ಲಿ ಯಂತ್ರದ ಬಕೆಟ್ ಇಳಿಸ್ತಾನೆ," ಅಂದಳು.

ಶುಕ್ರವಾರ ಗೆಂಟಿಲ್‌ನ ಅಡುಗೆಮನೆಯಲ್ಲಿ ನಕ್ಷೆ ಹರಡಿದಳು. ಡೆಪೂತರ್ ಕೂಡ ಇದ್ದ. ಗೆಂಟಿಲ್ ಕಾಫಿ ಬಗ್ಗಿಸಿದ, ಬಿಸ್ಕತ್ತು ಇಟ್ಟ. ಹೊಂಡ ಅನ್ನುವ ಮಾತು ಬಂದ ಕೂಡಲೇ ಬಿಸ್ಕತ್ತಿನ ಡಬ್ಬಿ ಮುಚ್ಚಿದ.

"ಹೊಂಡಾನಾ? ನಾನು ಹುಟ್ಟಿದ್ದು ಈ ಮನೇಲಿ, ನಮ್ಮಪ್ಪ ಹುಟ್ಟಿದ್ದು ಈ ಮನೇಲಿ. ಇಲ್ಲಿ ಯಾವತ್ತೂ ಹೊಂಡ ಇರ್ಲಿಲ್ಲ."

"ನಿಮ್ಮಪ್ಪ ಹುಟ್ಟೋ ಮುಂಚೆ ಇತ್ತು ಗೆಂಟಿಲ್. ದನ ನೀರು ಕುಡಿಯೋ ಹೊಂಡ. ಆಮೇಲೆ ಯಾರೋ ತುಂಬಿಸಿದಾರೆ."

"ಯಾರೋ ಅಂದ್ರೆ? ನಮ್ಮಜ್ಜನಿಗೆ ಕಳ್ಳ ಅಂತಿದೀಯಾ ನನ್ನ ಮನೇಲೇ ಕೂತ್ಕೊಂಡು?"

"ಕಳ್ಳ ಅಂದ್ನಾ ನಾನು? ಆಗ ಲಾರಿ ಇರ್ಲಿಲ್ಲ, ಕೇಳೋರಿರ್ಲಿಲ್ಲ. ನೇಗಿಲು ಮುಂದೆ ಹೋಗ್ಬೇಕಿತ್ತು. ಎಲ್ರೂ ಹಂಗೇ ಮಾಡಿದಾರೆ. ನಿಮ್ ಹೊಲದಲ್ಲಿ ಏನೂ ಸಿಗಲ್ಲ ಅನ್ನೋದೇ ನಂಗೆ ಭಯ. ಅಷ್ಟೂ ಒಂದೇ ಕಡೆ ಕೂತಿರ್ಬೇಕಲ್ಲ."

ಡೆಪೂತರ್ ನಕ್ಕ. "ಮತ್ತೊಂದು ಒಲೆನಾ ಲುಟ್‌ಗಾರ್ಡ್?"

"ಒಲೆ ಆದ್ರೆ ನಂಗೇ ಕೊಡಿ ಸಾಹೇಬ್ರೇ. ನಡುಮನೆ ತುಂಬಾ ಚಳಿ."

ನಾನು ನಕ್ಕುಬಿಟ್ಟೆ. ಡೆಪೂತರ್‌ನ ಮುಖ ಗಂಟಾಯಿತು. "ಜಾಲರಿ ಅಂತ ಬರೆದು ಸಹಿ ಹಾಕಿ. ಇಲ್ದಿದ್ರೆ ಬೇರೆಯವರ ಹತ್ರ ಹಾಕಿಸ್ಕೋತೀನಿ. ಇನ್ನೊಂದು ಸಲ ಸುಮ್ನೆ ಕೆಲಸ ನಿಂತ್ರೆ ಈ ಸೀಮೇಲಿ ನಿಮ್ಮನ್ನ ಯಾರೂ ಕರೆಯಲ್ಲ, ತಿಳ್ಕೊಳ್ಳಿ," ಅಂದ. ಅವಳು ಪೆನ್ನು ಮುಟ್ಟಲಿಲ್ಲ. ಗೆಂಟಿಲ್ ಬಾಗಿಲು ತೆರೆದು ಹಿಡಿದು ನಿಂತ. ಇಂಥ ಅವಮಾನ ನಮ್ಮೂರಲ್ಲಿ ಇನ್ನೊಂದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಜೆರೇನಿಯಂ ಕುಂಡ ಒಂದನ್ನು ಒದ್ದು ಬರೋಣ ಅನ್ನಿಸಿತು, ಆದರೆ ಸೊಂಟ ಬಿಡಲಿಲ್ಲ.

ಪೊಲೀಸರಿಗೆ ಫೋನ್ ಮಾಡಿದಳು. "ಕಾಗದದ ಮೇಲಿರೋದಕ್ಕೆ ಸೈನ್ಯ ಬರಲ್ಲಮ್ಮ. ಕಣ್ಣಿಗೆ ಕಂಡ್ರೆ ಹೇಳಿ," ಅಂದರು. ಒಲೆಯ ನೆನಪು ಅವರಿಗೂ ಇತ್ತು.

ಭಾನುವಾರ ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ನಾನೂ ಇದ್ದೆ. ವಾನ್ನೆಸ್ ಬಂದ. ಬಿಯರಿನಲ್ಲಿ ಬೇಯಿಸಿದ ಮಾಂಸ ಅವನಿಗೆ ಪ್ರಾಣ, ಅವತ್ತು ತಟ್ಟೆಯಲ್ಲೇ ಬಿಟ್ಟ.

"ಡೆಪೂತರ್ ಎಲ್ಲರ ಮುಂದೆ ಹೇಳ್ದ. ನಿಮ್ಮಮ್ಮ ಮತ್ತೆ ಶುರು ಮಾಡಿದಾಳೆ ಅಂತ," ಅಂದ.

"ನಕ್ಷೆ ತೋರಿಸ್ತೀನಿ ಬಾ."

"ನಂಗೆ ನಕ್ಷೆ ಬೇಡಮ್ಮ! ನಾಳೆ ನಿನ್ನ ಮಾತು ಕೇಳಿ ಯಂತ್ರ ನಿಲ್ಸಿದೆ ಅಂತಿಟ್ಕೋ. ಕೆಳಗಡೆ ಇನ್ನೊಂದು ಒಲೆ ಬಂದ್ರೆ? ಆಮೇಲೆ ನನ್ ಕಥೆ ಏನು? ಸಾಯೋತನಕ ಒಲೆ ಮರಿ ಅನ್ನಿಸ್ಕೋಬೇಕಾ?"

ಅವಳು ಸೌಟು ಕೆಳಗಿಟ್ಟಳು. "ಒಲೆ ಬಂದ್ರೆ ಸಾಯಂಕಾಲ ನೀನು ಮನೆಗೆ ಬರ್ತೀಯಲ್ಲ. ನಂಗಷ್ಟು ಸಾಕು," ಅಂದಳು.

ಅವನು ಕೋಟು ತಗೊಂಡು ಹೊರಟುಹೋದ. ನೊಯೆಲ್ ಎದ್ದು ಪಾರಿವಾಳಗಳ ಕಡೆ ನಡೆದ. ನಾನು ಬಾಯಿ ತೆರೆದೆ, ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಬಾಯಿ ಮುಚ್ಚಿಸಿದಳು.

ಸೋಮವಾರ ಆರೂವರೆಗೇ ನಾವಿಬ್ಬರೂ ಕೊಟ್ಟಿಗೆಯ ಹಿಂದೆ ಇದ್ದೆವು. ಅವಳು ಜಾರುಬಂಡಿ ತಂದಿದ್ದಳು. ಹೆಗಲಲ್ಲಿ ಮಣ್ಣಿನ ಬೈರಿಗೆ, ಅಂದರೆ ನೆಲಕ್ಕೆ ತಿರುಗಿಸಿ ಇಳಿಸಿದರೆ ಒಳಗಿನ ಮಣ್ಣನ್ನು ಹಾಗೇ ಹೊತ್ತು ತರುವ ಸಲಾಕೆ. ಅದನ್ನು ದೂರದಲ್ಲಿ, ನನ್ನ ಕಾಲ ಬುಡದಲ್ಲಿ ಇಟ್ಟಳು. "ಲೋಹ ಲೋಹದ ಜೊತೆ ಇರ್ಲಿ," ಅಂದಳು. ಅಂಥ ಹೊತ್ತಲ್ಲೂ ತಮಾಷೆ!

ಏಳಕ್ಕೆ ಎಲ್ಲರೂ ಬಂದರು. ಹತ್ತು ಜನ ಕೆಲಸದವರು, ಡೆಪೂತರ್, ಗೆಂಟಿಲ್. ಯಂತ್ರ ಗುಡುಗುತ್ತಾ ಅಂಗಳ ದಾಟಿ ಬಂತು. ಲುಟ್‌ಗಾರ್ಡ್ ಸರಿಯಾಗಿ ಆ ಹೊಂಡದ ನಡುವೆ ನಿಂತಿದ್ದಳು, ಮರದ ಜೋಡು ಮಣ್ಣಲ್ಲಿ ಊರಿ.

"ಈಚೆ ಬನ್ರೀ!" ಅಂತ ಡೆಪೂತರ್ ಕಿರುಚಿದ.

"ಇನ್ನೊಂದೇ ಒಂದು ಸಾಲು ಅಳೀತೀನಿ. ನಿಮ್ಮೆಲ್ಲರ ಕಣ್ಮುಂದೆ. ಹೊಂಡದ ಅಂಚು ಎಲ್ಲಿದೆ ಅಂತ ಗೂಟ ಹೊಡೆಸ್ತೀನಿ. ಅಲ್ಲಿ ಕಬ್ಬಿಣ ಇಲ್ಲ, ಬೈರಿಗೆ ಇಳಿಸಬಹುದು. ಕೆಳಗಡೆ ಹೊಂಡದ ಕೆಸರು ಬರ್ಲಿಲ್ಲ ಅಂದ್ರೆ ನಾನೇ ಸಹಿ ಹಾಕಿ ಮನೆಗೆ ಹೋಗ್ತೀನಿ. ಈ ಬಂಡಿ ಮತ್ತೆ ಮುಟ್ಟಲ್ಲ."

ಹತ್ತೊಂಬತ್ತು ವರ್ಷದ ಕೆಲಸವನ್ನು ಒಂದು ಹಿಡಿ ಕೆಸರಿನ ಮೇಲೆ ಇಟ್ಟುಬಿಟ್ಟಳು!

"ವಾನ್ನೆಸ್, ಮುಂದೆ ತಗೋ!" ಅಂದ ಡೆಪೂತರ್. "ಯಂತ್ರ ಬಂದ್ರೆ ತಾನಾಗೇ ಸರೀತಾಳೆ."

"ವಾನ್ನೆಸ್," ಅಂದಳು ಅವಳು. ಕೂಗಲಿಲ್ಲ, ಊಟಕ್ಕೆ ಕರೆಯುವ ಹಾಗೆ ಅಂದಳು. "ಇಷ್ಟು ದೊಡ್ಡ ಕಬ್ಬಿಣ ಹತ್ರ ಇದ್ರೆ ನಂಗೆ ಅಳೆಯೋಕಾಗಲ್ಲ. ಹಿಂದೆ ತಗೋಪ್ಪ."

ಗಾಜಿನ ಹಿಂದೆ ಅವನ ಮುಖ ನೋಡಿದೆ. ಕೆಲಸದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಹಿಂದಕ್ಕೆ ಹೋಗುವಾಗ ಯಂತ್ರ ಮಾಡುತ್ತದಲ್ಲ, ಆ ಬೀಪ್ ಬೀಪ್ ಸದ್ದು ಶುರುವಾಯಿತು. ಅಂಗಳ ದಾಟಿ, ಕೊಟ್ಟಿಗೆ ದಾಟಿ, ರಸ್ತೆಯ ತನಕ ಹಿಂದೆ ಹೋದ. ಡೆಪೂತರ್ ಬೈಗುಳದ ಮಳೆ ಸುರಿಸುತ್ತಿದ್ದ. ವಾನ್ನೆಸ್ ಎಂಜಿನ್ ಆರಿಸಿ ಇಳಿದು ಬಂದ. ಗೇಟಿನ ಹತ್ತಿರ ನಿಂತು ಬೆಲ್ಟ್ ಬಿಚ್ಚಿದ. ಫೋನು, ಕೀಲಿ ತೆಗೆದಿಟ್ಟ. ಉಕ್ಕಿನ ಮೂತಿಯ ಬೂಟು ಕಳಚಿದ. ನನ್ನ ಗೂಟದ ಗಂಟಿನಿಂದ ಒಂದು ಹುರಿ ಎಳೆದು, ಆ ಹತ್ತೂ ಜನರ ಮುಂದೆ ಪ್ಯಾಂಟಿಗೆ ಕಟ್ಟಿಕೊಂಡು, ಬರೀ ಕಾಲುಚೀಲದಲ್ಲಿ ಆ ತಣ್ಣನೆ ಜೇಡಿಮಣ್ಣು ತುಳಿಯುತ್ತಾ ಅಮ್ಮನ ಹತ್ತಿರ ಹೋದ.

"ಎಲ್ಲಿ ಹಿಡೀಬೇಕು ಹೇಳು," ಅಂದ.

ನನ್ನ ಕಣ್ಣು ಮಂಜಾಯಿತು. ಗಾಳಿ ಜೋರಾಗಿತ್ತು ಅಂತ ಬೇರೆಯವರಿಗೆ ಹೇಳಿದ್ದೇನೆ, ಗಾಳಿ ಇರಲಿಲ್ಲ.

ತಾಯಿ ಮಗ ಸೇರಿ ಆ ಸಾಲು ಎಳೆದರು. ಅವನ ಹೆಜ್ಜೆ ತಪ್ಪಿದಲ್ಲೆಲ್ಲ ಅವಳು ಬೈದಳು. ಅಂಚು ಸಿಕ್ಕಿದ ಕೂಡಲೇ ಕೈ ಎತ್ತಿದಳು. ಬಂಡಿಯನ್ನು ದೂರ ಎಳೆದ ಮೇಲೆ ನಾನು ಹೋಗಿ ಗೂಟ ಹೊಡೆದೆ. ಬೈರಿಗೆ ಹಿಡಿಯಲು ಕೈ ಚಾಚಿದರೆ ಗೆಂಟಿಲ್ ನನ್ನನ್ನು ತಳ್ಳಿದ.

"ಕೊಡಿಲ್ಲಿ! ನಮ್ಮಜ್ಜನ ನೆಲ, ನಾನೇ ಕೊರೀತೀನಿ. ಇವಳ ಸುಳ್ಳು ಎಲ್ರಿಗೂ ಗೊತ್ತಾಗ್ಲಿ."

ತಿರುಗಿಸಿದ. ಮೊದಲ ಅರ್ಧ ಮೀಟರ್ ಹಳದಿ ಮಣ್ಣು. ಗೆಂಟಿಲ್ ಹುಬ್ಬು ಹಾರಿಸಿದ. ಮತ್ತೆ ಅರ್ಧ ಮೀಟರ್, ಒಡೆದ ಇಟ್ಟಿಗೆ ಚೂರು ಬೆರೆತ ಮಣ್ಣು. ಅವನ ಹುಬ್ಬು ಇಳಿಯಿತು. ಮೂರನೆಯ ಸಲ ಬೈರಿಗೆ ಮೇಲೆ ಬಂದಾಗ ತುದಿಯಲ್ಲಿ ಕಪ್ಪಗೆ, ಮೆತ್ತಗೆ, ಕೊಳೆತ ವಾಸನೆಯ ಕೆಸರು. ಅದರೊಳಗೆ ಉಗುರಿನಷ್ಟು ಚಿಕ್ಕ ಬಿಳಿ ಬಸವನಹುಳುವಿನ ಚಿಪ್ಪುಗಳು, ಹೊಂಡದ ನೀರಲ್ಲಿ ಬದುಕುವಂಥವು.

ಗೆಂಟಿಲ್ ಒಂದು ಚಿಪ್ಪನ್ನು ಬೆರಳ ಮೇಲೆ ಇಟ್ಟುಕೊಂಡು ನೋಡುತ್ತಲೇ ಇದ್ದ. ಅರವತ್ತಾರು ವರ್ಷದ ಗಂಡಸು, ಮುಖ ಸುಣ್ಣದ ಹಾಗೆ ಬಿಳಚಿಕೊಂಡಿತ್ತು.

"ಅಜ್ಜ ಇಲ್ಲಿ ದನ ಕಟ್ಟೋಕೂ ಬಿಡ್ತಿರ್ಲಿಲ್ಲ," ಅಂದ ಕೊನೆಗೆ. "ನಾವು ಮಕ್ಕಳು ಚೆಂಡು ಆಡೋಕೆ ಬಂದ್ರೆ ಕೋಲು ತಗೊಂಡು ಅಟ್ಟಿಸ್ಕೊಂಡು ಬರ್ತಿದ್ದ. ನಮ್ಮ ಮೇಲೆ ಸಿಟ್ಟು ಅಂದ್ಕೊಂಡಿದ್ದೆ ಕಣೇ ಲುಟ್‌ಗಾರ್ಡ್. ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ."

"ಸಿಟ್ಟಲ್ಲ ಗೆಂಟಿಲ್. ಪ್ರೀತಿ," ಅಂದಳು ಅವಳು.

ಗೆಂಟಿಲ್ ಜೇಬಿನಿಂದ ಫೋನ್ ತೆಗೆದ. ಪೊಲೀಸರಿಗೆ ಎಲ್ಲರೆದುರೇ, ಗಟ್ಟಿಯಾಗಿ ಹೇಳಿದ: "ನಾನು ಗೆಂಟಿಲ್ ವರ್ಫಾಯ್. ನಮ್ಮಜ್ಜ ಹೊಂಡದಲ್ಲಿ ಗುಂಡು ಹೂತಿದಾನೆ. ಹೌದು, ನಮ್ಮಜ್ಜನೇ. ಕಳಿಸಿ ಅವರನ್ನ." ಆ ಮಾತಾಡಲು ಅವನಿಗೆ ಎಷ್ಟು ಕಷ್ಟವಾಗಿರಬೇಕು ಅಂತ ನಮ್ಮೂರಿನವರಿಗಷ್ಟೇ ಗೊತ್ತು. ಅವನ ಜೆರೇನಿಯಂ ಕುಂಡಗಳ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಸೈನ್ಯದವರು ಒಂಬತ್ತು ದಿನ ತೋಡಿದರು. ಇನ್ನೂರ ಹನ್ನೆರಡು ಗುಂಡು. ಮೇಲಿನದು ಇದ್ದದ್ದು ಒಂದು ಮೀಟರ್ ಎಪ್ಪತ್ತೆರಡು ಆಳದಲ್ಲಿ. ಮೂವತ್ತೆಂಟು ಗುಂಡುಗಳಲ್ಲಿ ವಿಷಾನಿಲ ಇತ್ತು, ಅಲುಗಿಸಿದರೆ ಒಳಗೆ ದ್ರವ ಕುಲುಕುವಂಥವು. ವಾನ್ನೆಸ್‌ನ ಬಕೆಟ್ಟು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅಲ್ಲಿಗೆ ತಲುಪುತ್ತಿತ್ತು. ಇದನ್ನು ಹೇಳಿದಾಗ ಡೆಪೂತರ್ ಕಾರಿನ ಬಾಗಿಲು ಹಿಡಿದುಕೊಂಡು ಕೂತುಬಿಟ್ಟ. ಮಾರನೆಯ ದಿನ ಬಂದು ಟೋಪಿ ತೆಗೆದು ಲುಟ್‌ಗಾರ್ಡಳ ಮುಂದೆ ನಿಂತ. "ನಡುಮನೆಗೆ ಒಲೆ ನಾನು ಕೊಡಿಸ್ತೀನಿ," ಅಂದ. "ಇರೋದೇ ಸಾಕು ಸಾಹೇಬ್ರೇ," ಅಂದಳು.

ಕೊನೆಯ ದಿನ ಸೈನ್ಯದ ಅಧಿಕಾರಿ ಹಗ್ಗ ಕಟ್ಟಿದ ಗೆರೆಯ ಹತ್ತಿರ ನಿಂತು ವರದಿಗೆ ಹೆಸರು ಬರೆದುಕೊಳ್ಳುತ್ತಿದ್ದ. ನಮ್ಮ ಸೀಮೆಯವನಲ್ಲ, ಹೊಸಬ. ಕೆಲಸದವರೆಲ್ಲ ಇದ್ದರು, ಊರಿನ ಅರ್ಧ ಜನ ಇದ್ದರು. ಲುಟ್‌ಗಾರ್ಡ್ ಆಚೆ ಬದಿಯಲ್ಲಿ ಜಾರುಬಂಡಿಯ ಮಣ್ಣು ಒರೆಸುತ್ತಿದ್ದಳು. ನಾನು ಅವಳಿಂದ ಆರು ಮೀಟರ್ ದೂರದಲ್ಲಿದ್ದೆ, ಅಭ್ಯಾಸಬಲ.

"ಯಂತ್ರ ಹಿಂದೆ ತಗೊಂಡೋರು ಯಾರು?" ಅಂತ ಕೇಳಿದ ಅಧಿಕಾರಿ.

"ನಾನು. ವಾನ್ನೆಸ್."

"ವಾನ್ನೆಸ್ ಏನು? ಪೂರ್ತಿ ಹೇಳಿ."

ಅವನು ಅಮ್ಮನ ಕಡೆ ನೋಡಿದ. ಆಮೇಲೆ ತನ್ನ ಜೊತೆಯ ಆ ಹತ್ತು ಜನರ ಕಡೆ ನೋಡಿದ, ಒಬ್ಬೊಬ್ಬರನ್ನೇ.

"ಒಲೆ ಲುಟ್‌ಗಾರ್ಡ್ ಮಗ ಅಂತ ಬರ್ಕೊಳ್ಳಿ," ಅಂದ.

"ಒಲೆನಾ?"

"ಹೌದು, ಒಲೆ. ಈ ಸೀಮೇಲಿ ಯಾರನ್ನ ಬೇಕಾದ್ರೂ ಕೇಳಿ, ಗೊತ್ತಾಗುತ್ತೆ."

ಯಾರೂ ನಗಲಿಲ್ಲ. ಲುಟ್‌ಗಾರ್ಡಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಆಮೇಲೆ ಒರೆಸಿದ ಜಾಗವನ್ನೇ ಮತ್ತೆ ಒರೆಸಲು ಶುರು ಮಾಡಿದಳು.

"ಫಿರ್ಮಿನ್," ಅಂತ ಕೂಗಿದಳು, ತಲೆ ಎತ್ತದೆ. "ಗೂಟ ಎಣಿಸು. ಒಂದು ಕಮ್ಮಿ ಇದೆ."

ಎಣಿಸಿದೆ. ಎಲ್ಲ ಸರಿಯಾಗಿಯೇ ಇದ್ದವು. ಆದರೂ ಅವಳ ಕಡೆ ನೋಡದೆ ಮತ್ತೊಂದು ಸಲ ಎಣಿಸಿದೆ.